ಮುನಿರಾಜುವಿಗೆ ಹೇಳದ ನಿಯಮ

1968ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಕ್ಲಬ್ಬಿನಲ್ಲಿ ಅಟೆಂಡರ್ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆ ವರ್ಷ ಅಲ್ಲಿ ಚೆಸ್ ಟೂರ್ನಮೆಂಟ್ ನಡೆಯಿತು. ಗೆದ್ದವನನ್ನು ಬೆಂಗಳೂರಿನ ಕಾರ್ಖಾನೆಯೊಂದು ತನ್ನ ತಂಡಕ್ಕೆ ಸೇರಿಸಿಕೊಂಡು ಕಾಯಂ ಕೆಲಸ ಕೊಡುವುದಾಗಿ ಹೇಳಿತ್ತು. ಮಗ್ಗದಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಮುನಿರಾಜುವೂ ಹೆಸರು ಕೊಟ್ಟ.

ನಮ್ಮ ಜಗಲಿಯ ಆಟದಲ್ಲಿ ಕಾಲಾಳು ಕೊನೆಯ ಮನೆ ಮುಟ್ಟಿದರೆ ಆ ಸಾಲಿನ ಕಾಯಿಯಾಗುತ್ತದೆ. ಕುದುರೆಯ ಸಾಲಿನಲ್ಲಿ ಮುಟ್ಟಿದರೆ ಕುದುರೆ, ಅಷ್ಟೇ. ಟೂರ್ನಮೆಂಟಿನಲ್ಲಿ ಹಾಗಲ್ಲ, ಯಾವ ಸಾಲಿನಲ್ಲಿ ಮುಟ್ಟಿದರೂ ಮಂತ್ರಿ ಮಾಡಿಕೊಳ್ಳಬಹುದು. "ಬಾಗ್ಲಲ್ಲೇ ಒಬ್ಬೊಬ್ಬರಿಗೂ ಹೇಳ್ಬಿಡಪ್ಪಾ" ಎಂದು ಸೆಕ್ರೆಟರಿ ಆ ಕೆಲಸವನ್ನು ನನಗೆ ವಹಿಸಿದ್ದರು.

ಬಂದ ಆಟಗಾರರಿಗೆಲ್ಲ ಹೇಳುತ್ತಾ ಹೋದೆ. ಕೊನೆಗೆ ಮುನಿರಾಜು ಗೆಳೆಯರ ಜೊತೆ ಬಂದ. ಅವರಲ್ಲೊಬ್ಬ ನನ್ನ ಖಾಕಿ ಅಂಗಿ ಎಳೆದು, "ಏನ್ ಗುರು, ತಮ್ಮ ರಾಜನ್ನ ಹಿಡೀತಾನೆ, ನೀನು ಬಾಗ್ಲು ಹಿಡ್ಕೊಂಡೇ ಇರ್ತೀಯಾ?" ಅಂದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಅವನಿಗೆ ಆಟ ಕಲಿಸಿದವನು ನಾನು. ನಿಯಮ ಹೇಳದೆಯೇ ಅವನನ್ನು ಒಳಕ್ಕೆ ಬಿಟ್ಟೆ. ನಾಳೆ ಹೇಳೋಣ ಎನ್ನುತ್ತಲೇ ಫೈನಲ್ ಬಂದುಬಿಟ್ಟಿತು.

ಎದುರಿಗೆ ಹೊಸಕೋಟೆಯ ಮೇಷ್ಟ್ರು, ಪಳಗಿದ ಆಟಗಾರ. ಸಂಜೆಯವರೆಗೂ ಇಬ್ಬರೂ ಜಗ್ಗಲಿಲ್ಲ. ಆಗ ಕುದುರೆಯ ಸಾಲಿನಲ್ಲಿ ತಮ್ಮನ ಕಾಲಾಳಿಗೆ ಒಂದೇ ಮನೆ ಉಳಿಯಿತು. ತಳ್ಳಿದರೆ ಮಂತ್ರಿ, ಗೆಲುವು. ಅವನು ಬಹಳ ಹೊತ್ತು ನೋಡಿ, ಬರೀ ಕುದುರೆಯಿಂದ ಏನಾದೀತು ಎಂದುಕೊಂಡನೋ ಏನೋ, ರಾಜನನ್ನು ಪಕ್ಕಕ್ಕೆ ಸರಿಸಿದ. ನಾನು ನೀರಿನ ಜಗ್ ಹಿಡಿದು ನಿಂತಿದ್ದೆ. ಮೇಷ್ಟ್ರ ಆನೆ ಕಾಲಾಳನ್ನು ಹೊಡೆಯಿತು. ಅಲ್ಲಿಂದ ಸೋಲಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅದ್ಯಾಕಪ್ಪಾ ತಳ್ಳಲಿಲ್ಲ? ಮಂತ್ರಿ ಬರ್ತಿತ್ತಲ್ಲ!" ಎಂದರು ಮೇಷ್ಟ್ರು.

ತಮ್ಮ ಅವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

ಸೆಕ್ರೆಟರಿ ನನ್ನ ಮೇಲೆ ಹರಿಹಾಯ್ದರು. "ಲೋ, ಇವ್ನಿಗೆ ಹೇಳಿರ್ಲಿಲ್ವೇನೋ? ಹಂಗಿದ್ರೆ ನಾಳೆಯಿಂದ ಬರಲೇಬೇಡ."

"ಹೇಳಿದ್ದ ಸಾರ್ ನಮ್ಮಣ್ಣ," ಎಂದ ಮುನಿರಾಜು, "ನಾನೇ ಮರ್ತ್‌ಬಿಟ್ಟೆ."

ಹೀಗೆ ಉಳಿದ ಕೆಲಸದಲ್ಲೇ ನಾನು ನಿವೃತ್ತನಾದೆ. ಅವನು ಮಗ್ಗದಲ್ಲೇ ಸವೆದು ತೀರಿಕೊಂಡ. ಮತ್ತೆಂದೂ ಚದುರಂಗದ ಮಣೆ ಮುಟ್ಟಲಿಲ್ಲ, ಆ ಮಾತನ್ನೂ ಎತ್ತಲಿಲ್ಲ. ಅವನ ಆ ನೋಟ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಾಗಿಲಲ್ಲಿ ನಿಲ್ಲುವವನು ಒಬ್ಬನಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಬಂದವರಿಗೆಲ್ಲ, ಗೊತ್ತು ಎಂದವರಿಗೂ, ಬಿಡದೆ ಹೇಳಿದೆ. "ಬೇಕಂತಲೇ ಹೇಳದೆ ಬಿಟ್ಟೆ ಕಣೋ" ಎಂಬ ಮಾತನ್ನು ಮಾತ್ರ ಅವನಿಗೆ ಹೇಳಲಾಗಲಿಲ್ಲ.