ಮುಗಿಲಿನ ಕರೆಂಟಿನ ಲೆಕ್ಕ

ನನ್ನ ಯಜಮಾನರು ಕುಷ್ಟಗಿಯಲ್ಲಿ ಶಾಲಾ ಮಾಸ್ತರರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಅವರು ಮಾತ್ರ ಮುಗಿಲಿನಲ್ಲಿ ಹರಿಯುವ ಕರೆಂಟಿನ ಲೆಕ್ಕ ಹಾಕುತ್ತಿದ್ದರು.

ಹಿತ್ತಲ ಕೋಣೆಯಲ್ಲಿ ರೇಷ್ಮೆ ಎಳೆಗೆ ಅಯಸ್ಕಾಂತದ ಸೂಜಿಯೊಂದನ್ನು ತೂಗುಬಿಟ್ಟಿದ್ದರು. ಹೊತ್ತು ಏರಿದಂತೆ ಅದು ಕೂದಲೆಳೆಯಷ್ಟು ಸರಿಯುತ್ತಿತ್ತು, ಸಂಜೆಗೆ ಮರಳುತ್ತಿತ್ತು.

"ಅದನ್ನ ಯಾರು ಸರಸ್ತಾರ್ರಿ?" ಎಂದು ಕೇಳಿದ್ದೆ.

"ಭಾಳ ಮ್ಯಾಲ ಗಾಳಿ ಐತಿ. ಬಿಸಲು ಬಿದ್ರ ಅದರಾಗ ಕರೆಂಟು ಹರೀತೈತಿ. ಅದು ಸೂಜೀನ ಎಳೀತೈತಿ."

ಆ ಗಾಳಿಯನ್ನು ಪದರಗಳಾಗಿ ವಿಂಗಡಿಸಿ, ಯಾವುದರಲ್ಲಿ ಎಷ್ಟು ಹರಿದೀತೆಂದು ಗುಣಿಸುತ್ತಿದ್ದರು. ನನಗೂ ಕಲಿಸಿದರು. ಮಕ್ಕಳು ಉಳಿಯದ ನಮ್ಮ ಮನೆಯಲ್ಲಿ ಅದೇ ನಮ್ಮಿಬ್ಬರ ಮಾತಾಯಿತು. ಆದರೆ ಲೆಕ್ಕ ಕೂಡಿಬರಲಿಲ್ಲ. ನಮ್ಮ ಕಾಗದದ ಮೇಲಿನ ಕರೆಂಟಿಗೆ ಸೂಜಿಯನ್ನು ಅಷ್ಟು ಸರಿಸುವ ಬಲವಿರಲಿಲ್ಲ.

"ಏನೋ ಒಂದು ಬಿಟ್ಟೀವಿ. ಏನಂತ ಹೊಳೀವಲ್ದು" ಎನ್ನುತ್ತಿದ್ದರು.

ನಿಜಾಮಶಾಹಿಯ ಕೊನೆಯ ವರ್ಷ ಯಾರ ಮೇಲೂ ಯಾರಿಗೂ ನಂಬಿಕೆಯಿರಲಿಲ್ಲ. ಮಾಸ್ತರರು ಮುಗಿಲಿನಿಂದ ಸುದ್ದಿ ಹಿಡಿಯುತ್ತಾರೆಂದು ಯಾರೋ ಹಬ್ಬಿಸಿದರು. ಒಂದು ಬೆಳಿಗ್ಗೆ ಪೊಲೀಸ್ ಅಮೀನ ಸಿಪಾಯಿಗಳೊಂದಿಗೆ ಬಂದ.

"ಇದರಾಗ ಗಡಿಯಾಚೆ ಯಾರ ಜೋಡಿ ಮಾತಾಡ್ತಿ?" ಎಂದು ಸೂಜಿಯನ್ನು ತೋರಿಸಿ ಕೇಳಿದ.

"ಮಾತಾಡೂ ಯಂತ್ರ ಅಲ್ರಿ ಸಾಹೇಬರ. ಬರೇ ಸೂಜಿ."

"ಮತ್ತ ಈ ಕಾಗದದಾಗಿನ ಅಂಕಿ?"

ಹುಡುಗರಿಗೆ ಪಾಠ ಹೇಳುವಂತೆಯೇ ಯಜಮಾನರು ವಿವರಿಸತೊಡಗಿದರು. ನಡುವೆಯೇ ಸಿಪಾಯಿಯೊಬ್ಬ ಕಪಾಳಕ್ಕೆ ಹೊಡೆದ.

"ಅದರಾಗ ಅರ್ಧ ನಾನು ಬರದೀನ್ರಿ" ಎಂದೆ. ಅಮೀನ ನನ್ನ ಕಡೆ ನೋಡಲೂ ಇಲ್ಲ. ಅವರನ್ನು ಎಳೆದೊಯ್ದರು.

ರಾಜ್ಯ ಬದಲಾದ ಮೇಲೆ ಬಿಟ್ಟರು. ಗಾಡಿಯಿಂದ ಇಳಿದವರನ್ನು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಬಲಗೈ ಬೆರಳು ಮಡಚುತ್ತಿರಲಿಲ್ಲ. ಕೆಮ್ಮಿದರೆ ರಕ್ತ ಬೀಳುತ್ತಿತ್ತು.

"ನೀವು ಹೇಳ್ರಿ, ನಾ ಬರೀತೀನಿ" ಎಂದೆ.

ಕೆಲವು ದಿನ ಹೇಳಿದರು. ಬರಬರುತ್ತ ಅಂಕಿಗಳು ತಪ್ಪತೊಡಗಿದವು. ತಪ್ಪುತ್ತಿರುವುದು ಅವರಿಗೂ ತಿಳಿಯುತ್ತಿತ್ತು, ಅದೇ ನನಗೆ ನೋಡಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ "ಸಾಕು, ಇಡು" ಎಂದು ಗೋಡೆಗೆ ಮುಖಮಾಡಿ ಮಲಗಿದರು. ಆ ಚಳಿಗಾಲ ದಾಟಲಿಲ್ಲ.

ಮುಂದೆ ನಾನು ಕುಕನೂರಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದೆ. ಬಹಳ ವರ್ಷಗಳ ಮೇಲೆ, ಊರಿಗೆ ಬಂದ ಕಾಲೇಜಿನ ಅಧ್ಯಾಪಕರೊಬ್ಬರ ಮುಂದೆ ಆ ಲೆಕ್ಕದ ಮಾತು ತೆಗೆದೆ. ಮೇಲಿನ ಗಾಳಿಯಲ್ಲಿ ಕರೆಂಟಿಗೆ ಒಂದು ದಿಕ್ಕಿನಲ್ಲಿ ತಡೆಯಾದರೆ ಇನ್ನೊಂದು ದಿಕ್ಕಿನಲ್ಲಿ ಹರಿವು ಹೆಚ್ಚುತ್ತದೆಂದು ಈಗ ಗೊತ್ತಾಗಿದೆ ಎಂದರು. ನಾವು ಲೆಕ್ಕದಲ್ಲಿ ಬಿಟ್ಟಿದ್ದು ಅದನ್ನೇ.

"ನಿಮ್ಮವರು ದಾರಿ ತಪ್ಪಿರಲಿಲ್ಲ ಬಿಡ್ರಿ" ಎಂದರು.

ಅವರಿಗೆ ಚಹಾ ಕೊಟ್ಟು ಕಳಿಸಿದೆ. ಕದ ಹಾಕಿಕೊಂಡು ಅತ್ತೆ.