ಹಿನ್ನೆಲೆಯಲ್ಲಿ ಜನರಿಲ್ಲದ ಫ್ಲೆಕ್ಸ್

ಜನ ಸೇರಿಸುವುದು ನನ್ನ ಕಸುಬು. ಹೆಗ್ಗನಹಳ್ಳಿ ಕ್ರಾಸ್‌ನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಯಾರದೋ ಹುಟ್ಟುಹಬ್ಬಕ್ಕೆ, ಇನ್ಯಾರದೋ ಶ್ರದ್ಧಾಂಜಲಿಗೆ ಸಾವಿರಾರು ಜನರನ್ನು ಒಂದೇ ಕ್ಲಿಕ್ಕಿಗೆ ತಂದು ನಿಲ್ಲಿಸುತ್ತೇನೆ. ನನ್ನ ಹುಟ್ಟುಹಬ್ಬಕ್ಕೆ ಬಂದವನು ಪಕ್ಕದ ರೂಮಿನವನೊಬ್ಬನೇ. ಅವನೂ ಚಾರ್ಜರ್ ವಾಪಸ್ ಕೇಳಲು ಬಂದಿದ್ದ.

ಪಾಸ್ಟರ್ ಜ್ಞಾನಶೀಲ ನಮ್ಮ ಹಳೆಯ ಗಿರಾಕಿ. ಅವರ ಚರ್ಚಿನ ಸಭೆಯವರು ಅವರನ್ನು ಅಯ್ಯನವರು ಎನ್ನುತ್ತಿದ್ದರು. ಕೊಳ್ಳೇಗಾಲದ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿಯುತ್ತಿದ್ದವರು, ದೇವರು ಕರೆದನೆಂದು ಕೆಲಸ ಬಿಟ್ಟರು. ಕೆಲಸ ಬಿಡಬೇಕೆಂದು ನನಗೂ ಪ್ರತಿ ಸೋಮವಾರ ಅನ್ನಿಸುತ್ತದೆ. ಆದರೆ ನನ್ನನ್ನು ಕರೆಯುವವರು ಓನರ್ ಒಬ್ಬರೇ.

ಅಯ್ಯನವರೂ ಅವರ ಹೆಂಡತಿ ಕರುಣಮ್ಮನೂ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಶೀಟ್ ಹಾಕಿದ ಹಾಲ್ ಬಾಡಿಗೆಗೆ ಹಿಡಿದು ಸಭೆ ಕಟ್ಟಿದರು. ಗಾರ್ಮೆಂಟ್ಸ್ ಹೆಂಗಸರು, ಆಟೋದವರು, ಜಾಗ ಸಾಲದೆ ಮೆಟ್ಟಿಲ ಮೇಲೂ ಕೂರುತ್ತಿದ್ದರಂತೆ. ಜ್ವರ ಬಂದವರ ಮನೆಗೆ, ಗಂಡ ಕುಡಿದು ಬಂದ ಮನೆಗೆ, ಅತ್ತ ಮಲ್ಲತ್ತಹಳ್ಳಿಯ ತನಕ ಮೊಪೆಡ್‌ನಲ್ಲಿ ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದರು. ಆಮೇಲೆ ಮಾಗಡಿ ರಸ್ತೆಗೆ ದೊಡ್ಡದೊಂದು ಸಭೆ ಬಂತು. ಎಸಿ, ಗೋಡೆಯಗಲದ ಪರದೆ, ಮನೆ ಬಾಗಿಲಿಗೇ ವ್ಯಾನ್. ಒಬ್ಬೊಬ್ಬರಾಗಿ ವ್ಯಾನ್ ಹತ್ತಿದರು. ಕರುಣಮ್ಮ ತೀರಿಕೊಂಡ ಮೇಲೆ ಉಳಿದವರೂ ಹತ್ತಿದರು, ಪಾಪ, ಸಂಕೋಚಪಟ್ಟುಕೊಂಡೇ.

ಆದರೂ ಪ್ರತಿ ವರ್ಷ ಅವರು ಉಜ್ಜೀವನ ಕೂಟದ ಫ್ಲೆಕ್ಸ್ ಮಾಡಿಸುತ್ತಿದ್ದರು. ಸಭೆ ಮತ್ತೆ ಜೀವ ತುಂಬಿಕೊಳ್ಳಲಿ ಎಂದು ಪ್ರಾರ್ಥಿಸುವ ಕೂಟ ಅದು. ಕೂಟ ಮುಗಿದ ಮೇಲೆ ಫ್ಲೆಕ್ಸ್ ಸೊಪ್ಪಿನ ನೀಲಮ್ಮನ ಗಾಡಿಗೆ ಹೋಗುತ್ತಿತ್ತು. ಮಳೆ ಬಂದರೆ ಅಯ್ಯನವರ ನಗುಮುಖದ ಕೆಳಗೆ ದಂಟು, ಪಾಲಕ್ ಬೆಚ್ಚಗಿರುತ್ತಿದ್ದವು.

"ನನ್ನ ಸೇವೆಯಲ್ಲಿ ಇವತ್ತಿನವರೆಗೂ ಸೋರದೆ ಇರೋದು ಅದೊಂದೇ ಕಣಪ್ಪ," ಎಂದಿದ್ದರು ಒಮ್ಮೆ.

ಈ ಸಲ ಬಂದಾಗ ನಾನು ಡಿಸೈನ್ ಸಿದ್ಧ ಮಾಡಿಟ್ಟಿದ್ದೆ. ಮುಂದೆ ಅವರು, ಹಿಂದೆ ಕೈಯೆತ್ತಿದ ಜನಸಾಗರ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು.

"ಹನುಮೇಶ, ಇವರೆಲ್ಲ ಯಾರಪ್ಪ?"

"ಜನ ಸಾರ್. ಡೌನ್‌ಲೋಡ್ ಮಾಡಿದ್ದು."

"ನಮ್ಮವರು ಒಬ್ಬರೂ ಕಾಣಿಸ್ತಿಲ್ಲ."

"ಎಲ್ಲಾ ಕಡೆಗೂ ಇವ್ರೇ ಬರೋದು ಸಾರ್. ಹೋದ್ ವಾರ ಕಬಡ್ಡಿ ಟೂರ್ನಮೆಂಟ್‌ಗೂ ಬಂದಿದ್ರು."

"ಒಳ್ಳೇ ಜನ. ಕರೆದ ಕಡೆಗೆಲ್ಲ ಹೋಗ್ತಾರೆ." ನಕ್ಕರು. ಆಮೇಲೆ ಮೆಲ್ಲಗೆ, "ತೆಗೆದುಬಿಡು," ಎಂದರು.

"ತೆಗೆದ್ರೆ ಹಿಂದೆಲ್ಲಾ ಖಾಲಿ ಹೊಡೆಯುತ್ತೆ ಸಾರ್."

"ಖಾಲೀನೇ ಇರೋದು. ನನ್ನ ಫೋಟೋನೂ ತೆಗಿ. 'ಉಜ್ಜೀವನ ಕೂಟ, ಭಾನುವಾರ ಸಂಜೆ, ಬನ್ನಿ.' ಅಷ್ಟು ಸಾಕು."

"ತಾರೀಖು?"

"ಬೇಡ. ಬರೋರಿಗೆ ಭಾನುವಾರ ಅಂದ್ರೆ ಸಾಕು." ಕನ್ನಡಕ ತೆಗೆದು ಜೇಬಿಗೆ ಹಾಕುತ್ತ ಹೇಳಿದರು: "ಈ ಸಲ ಯಾರೂ ಬರಲಿಲ್ಲ ಅಂದ್ರೆ ಹಾಲ್ ಕೀ ವಾಪಸ್ ಕೊಟ್ಟು ಊರಿಗೆ ಹೋಗ್ತೀನಿ. ದೇವರ ಹತ್ರ ಮಾತಾಡಿ ಆಗಿದೆ."

"ದೇವ್ರು ಏನಂದ್ರು ಸಾರ್?"

"ಭಾನುವಾರ ಗೊತ್ತಾಗುತ್ತೆ."

ಭಾನುವಾರ ಸಂಜೆ, ಗಾಳಿಗೆ ಕಳಚಿದ್ದ ಫ್ಲೆಕ್ಸ್ ಮತ್ತೆ ಕಟ್ಟಲು ನಾನೇ ಹೋದೆ. ಗೇಟಿಗೆ ಕಟ್ಟಿ ದುಡ್ಡು ಇಸಿದುಕೊಳ್ಳುವವನಂತೆ ಮೇಲೆ ಹತ್ತಿದೆ. ನಿಜವೆಂದರೆ ರೂಮಿಗೆ ಹೋಗಿ ಮಾಡುವುದೇನೂ ಇರಲಿಲ್ಲ. ಅಯ್ಯನವರು ಒದ್ದೆ ಬಟ್ಟೆಯಲ್ಲಿ ಕುರ್ಚಿ ಒರೆಸುತ್ತಿದ್ದರು. ಒಂದನ್ನೂ ಬಿಡದೆ ಒರೆಸಿದರು. ಬೇಕಾದಾಗ ಎದ್ದು ಹೋಗಬಹುದೆಂದು ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ನಮ್ಮ ಮನೆದೇವರು ಮುನೇಶ್ವರ. ಇಲ್ಲಿ ಕೈ ಮುಗಿಯಬೇಕೋ ಕಟ್ಟಿಕೊಳ್ಳಬೇಕೋ ತಿಳಿಯದೆ ತೊಡೆಯ ಕೆಳಗಿಟ್ಟುಕೊಂಡೆ.

ಹೇಳಿದ ಹೊತ್ತು ಮೀರಿತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗ ಇಬ್ಬರೂ ತಿರುಗಿದೆವು. ಮೇಲಿನ ಟ್ಯಾಂಕ್ ನೋಡಲು ಬಂದ ಕೆಳಮನೆಯ ಬಾಡಿಗೆಯವನು.

ಅಯ್ಯನವರು ಹಾಡಲು ಶುರುಮಾಡಿದರು. ಒಂದು ಸಾಲು ಹಾಡಿ ನಿಲ್ಲಿಸುವರು. ಸುಮ್ಮನಿರುವರು. ಮತ್ತೆ ಮುಂದಿನ ಸಾಲು. ಮರೆತುಹೋಗಿದೆಯೇನೋ ಎಂದುಕೊಂಡೆ. ಮೂರನೆಯ ಸಲ ನಿಂತಾಗ ಅವರ ಕಣ್ಣು ಎಡಗಡೆಯ ಕುರ್ಚಿಯ ಮೇಲಿತ್ತು. ಆಗ ಹೊಳೆಯಿತು, ನಡುವಿನ ಸಾಲು ಕರುಣಮ್ಮ ಹಾಡುತ್ತಿದ್ದದ್ದು.

ಬೋಧನೆ ಚಿಕ್ಕದಿತ್ತು. ಪುಸ್ತಕ ತೆರೆದರು, ಓದಲಿಲ್ಲ.

"ಉಜ್ಜೀವನ ಕೊಡಪ್ಪ ಅಂತ ಇಷ್ಟು ವರ್ಷ ಕೇಳಿದೆ," ಎಂದರು ಖಾಲಿ ಕುರ್ಚಿಗಳಿಗೆ. "ಕೇಳಿದ್ದು ಜನರನ್ನ. ಇವಳು ಹೋದ ಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಬರ್ತಿರಲಿಲ್ಲ. ಬೇರೆಯವರ ಮನೇಲಿ ಗಂಟೆಗಟ್ಟಲೆ ಮಾಡ್ತಿದ್ದೆ, ನನ್ನ ಮನೇಲಿ ಆಗ್ತಿರಲಿಲ್ಲ. ಸತ್ತಿದ್ದು ಸಭೆ ಅಲ್ಲ, ನಾನು. ಅದನ್ನ ಒಂದು ಸಲ ಬಾಯಿಬಿಟ್ಟು ಹೇಳಬೇಕಿತ್ತು. ಇಷ್ಟೇ."

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಪಕ್ಕದ ರೂಮಿನವನು.

"ಎಲ್ಲಿದೀಯೋ ಮಗಾ?"

"ಚರ್ಚ್‌ನಲ್ಲಿ ಕಣೋ."

"ಯಾವ ಹುಡುಗಿ ಗುರು?"

ಕಟ್ ಮಾಡಿದೆ. ಅಯ್ಯನವರು ಕುರ್ಚಿ ಮಡಿಸುತ್ತ ಹತ್ತಿರ ಬಂದರು. ಜೇಬಿನಲ್ಲಿ ಹಾಲ್‌ನ ಕೀ ಸದ್ದು ಮಾಡುತ್ತಿತ್ತು.

"ಹನುಮೇಶ, ಒಂದು ಮಾತು. ನಿಜ ಹೇಳಬೇಕು. ನೀನು ಕೆಲಸಕ್ಕೆ ಬಂದ್ಯಾ, ಕೂಟಕ್ಕೆ ಬಂದ್ಯಾ?"

ದಿನವಿಡೀ ಇಲ್ಲದ ಜನರನ್ನು ಇದ್ದಾರೆಂದು ತೋರಿಸುವವನು ನಾನು. ಇಲ್ಲಿ ಒಬ್ಬನೇ ಒಬ್ಬನನ್ನು ತೋರಿಸುವುದು ಕಷ್ಟವಾಯಿತು. ಸುಳ್ಳು ಹೇಳುವ ಹಾಗಿರಲಿಲ್ಲ.

"ಕೆಲಸ ಆಗಲೇ ಮುಗೀತು ಸಾರ್," ಎಂದೆ. "ಆಮೇಲೂ ಕೂತಿದ್ದೆ."

ಅವರು ನನ್ನ ಮುಖವನ್ನೇ ನೋಡಿದರು. ಕೀ ತೆಗೆದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು.

"ಫ್ಲೆಕ್ಸ್ ಬಿಚ್ಚಲಾ ಸಾರ್?"

"ಇರಲಿ ಬಿಡು. ಮುಂದಿನ ಭಾನುವಾರಕ್ಕೂ ನಡೆಯುತ್ತೆ."

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಬಟ್ಟೆ ಒಗೆಯುವುದಿತ್ತು ಎಂದುಕೊಳ್ಳೋಣ. ಸಂಜೆ ಸೋಪು ತರಲು ಆ ಬೀದಿಯಲ್ಲಿ ಹೋದಾಗ ಮೇಲೆ ದೀಪ ಉರಿಯುತ್ತಿತ್ತು. ಒಂದು ಸಾಲು ಕೇಳಿಸಿತು. ಅದರ ಮುಂದಿನದಕ್ಕೆ ನಾನೂ ಗೇಟಿನ ಹತ್ತಿರ ನಿಂತು ಕಾದೆ.