ಮೂರನೇ ಫಾರ್ಮಿನ ದಾರ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಓಕ್ಲ್ಯಾಂಡ್ ಬಂದರಿನ ಕ್ರೇನುಗಳ ದೀಪ ಇನ್ನೂ ಆರಿಲ್ಲ. ಬಂದರಿಗೆ ಹೋಗುವ ರಸ್ತೆಯ ಮಗ್ಗುಲಿನ ಹಳೆಯ ಗೋದಾಮಿನೊಳಗೆ, ಕಪ್ಪು ಪರದೆ ಇಳಿಬಿಟ್ಟ ಪುಟ್ಟ ಗೂಡೊಂದರಲ್ಲಿ, ನೀಲಾಬಾಯಿ ಚಪ್ಪಲಿ ಕಳಚಿ ಬದಿಗಿಡುತ್ತಾರೆ. ಎದುರಿಗೆ ತೊಟ್ಟಿಲಿನಂಥ ಹಲಗೆ, ಅದರಲ್ಲಿ ಅರ್ಧ ತೆರೆದ ಪುಸ್ತಕ, ಮೇಲೊಂದು ಗಾಜು, ಎರಡು ಬದಿಗೆ ಎರಡು ಕ್ಯಾಮೆರಾ. ಕಾಲಡಿಯ ಪೆಡಲು ಒತ್ತಿದರೆ ಗಾಜು ಮೇಲೇಳುತ್ತದೆ. ಪುಟ ತಿರುವಿ ಕಾಲು ಬಿಟ್ಟರೆ ಗಾಜು ಇಳಿದು ಫೋಟೊ ಆಗುತ್ತದೆ. ಮತ್ತೆ ಪೆಡಲು, ಮತ್ತೆ ಪುಟ. ಮಧ್ಯಾಹ್ನ ಎರಡೂವರೆಯವರೆಗೆ ಇಷ್ಟೇ.

ಚಪ್ಪಲಿ ಕಳಚುವುದೇಕೆ ಎಂದರೆ ಅವರಿಗೆ ಸ್ವಲ್ಪ ನಾಚಿಕೆ. "ಪುಸ್ತಕದ ಕೆಲಸ ಕಾಲಿಲೆ ಮಾಡೂದಂದ್ರ ಮನಸ್ಸು ಒಪ್ಪಂಗಿಲ್ರೀ. ಚಪ್ಪಲ್ ತಗದ್ರ ಅಷ್ಟರ ಸಮಾಧಾನ" ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸುರಕ್ಷತೆ ನೋಡಿಕೊಳ್ಳುವವರು ಬಂದು ಬೂಟು ಹಾಕಲೇಬೇಕು ಎಂದಿದ್ದರಂತೆ. ಕೊನೆಗೆ ದಪ್ಪ ಕಾಲುಚೀಲಕ್ಕೆ ರಾಜಿಯಾಯಿತು.

ನೀಲಾಬಾಯಿಗೆ ಈಗ ಐವತ್ತೆಂಟು. ಊರು ಗದಗ. ಅಲ್ಲಿನ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಹಾಳೆ ಮಡಿಸಿದವರು, ಹೊಲಿದವರು. ಗಂಡ ವಿರುಪಾಕ್ಷಪ್ಪನವರ ಅಕ್ಕ ತಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿ ಹನ್ನೆರಡು ವರ್ಷ ಕಾದ ಮೇಲೆ ಹಣ್ಣಾಗಿ, ಇಬ್ಬರೂ ಪಕ್ಕದೂರಾದ ಹೇವರ್ಡಿಗೆ ಬಂದು ಹನ್ನೊಂದು ವರ್ಷವಾಯಿತು. ವಿರುಪಾಕ್ಷಪ್ಪ ಗ್ರೋಸರಿ ಅಂಗಡಿಯೊಂದರಲ್ಲಿ ತರಕಾರಿ ಜೋಡಿಸುತ್ತಾರೆ. ಹೆಂಡತಿಗೆ ಮೊದಲು ಸಿಕ್ಕಿದ್ದು ಡೇಕೇರಿನ ಕೆಲಸ. ಮಕ್ಕಳ ಇಂಗ್ಲಿಷು ಇವರಿಗೆ ತಿಳಿಯದು, ಇವರದು ಮಕ್ಕಳಿಗೆ ತಿಳಿಯದು. ಆಮೇಲೆ ಯಾರೋ ಹೇಳಿದ್ದು ಕೇಳಿ, ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಈ ಜಾಗಕ್ಕೆ ಬಂದರು. ಪರೀಕ್ಷೆಗೆಂದು ಕೈಗೆ ಕೊಟ್ಟ ಪುಸ್ತಕವನ್ನು ಅವರು ಮೂಸಿ, ಬೆನ್ನು ಸವರಿ, "ಇದರ ಹೊಲಿಗಿ ಸಡ್ಲ ಐತಿ" ಎಂದರಂತೆ. ಕೆಲಸ ಅಲ್ಲೇ ಪಕ್ಕಾ ಆಯಿತು.

ದಿನಕ್ಕೆ ಎರಡು ಸಾವಿರದ ಆರುನೂರು ಪುಟ. ಇದು ಅವರ ಸರಾಸರಿ. ಇಲ್ಲಿರುವ ಆರು ಯಂತ್ರಗಳಲ್ಲಿ ಇಷ್ಟು ವೇಗದ ಕೈ ಇನ್ನೊಂದಿಲ್ಲ. ಪುಸ್ತಕ ಓದುತ್ತ ಕೂರಬಾರದೆಂಬುದು ಇಲ್ಲಿನ ನಿಯಮ. "ನಂಗ ಓದಾಕ ಬರೂ ಪುಸ್ತಕ ಬರೂದ ಇಲ್ಲ. ಅದಕ್ಕ ನಾ ಭಾಳ ಫಾಸ್ಟ್" ಎಂದು ನಗುತ್ತಾರೆ. ಸ್ಪೇನಿನದು, ಚೀನಾದ್ದು, ಅರ್ಮೇನಿಯಾದ್ದು, ಏನೇ ಬಂದರೂ ಅವರಿಗೆ ಎಲ್ಲವೂ ಹಾಳೆ.

ಈ ಚಳಿಗಾಲದಲ್ಲಿ ಮಾತ್ರ ಈ ಲೆಕ್ಕ ತಪ್ಪಿತು. ದಕ್ಷಿಣ ಆಫ್ರಿಕಾದ ರೂಯಿಕ್ರಾನ್ಸ್ ಎಂಬ ಸಣ್ಣ ಊರಿನಿಂದ ಏಳು ಪೆಟ್ಟಿಗೆ ಬಂದವು. ಒಳಗೆ ಅಲ್ಲಿನ ಬಾಲಕರ ಪ್ರೌಢಶಾಲೆಯ ತೊಂಬತ್ತೆರಡು ವಾರ್ಷಿಕ ಸಂಚಿಕೆಗಳು. ಶಾಲೆ ಆಫ್ರಿಕಾನ್ಸ್ ಮಾಧ್ಯಮದ್ದು. ಡಚ್ಚರ ನುಡಿಯಿಂದ ಕವಲೊಡೆದು ಆಫ್ರಿಕಾದ ನೆಲದಲ್ಲಿ ಬೆಳೆದ ಭಾಷೆ ಅದು. ಶಾಲೆಗೆ ನೂರು ತುಂಬಿದ ನೆನಪಿಗೆ ಅದರ ಚರಿತ್ರೆ ಬರೆಯಬೇಕು, ಬರೆಯುವ ಮೊದಲು ಎಲ್ಲ ಸಂಚಿಕೆಯೂ ಕಂಪ್ಯೂಟರಿಗೆ ಏರಬೇಕು ಎಂದು ಹಳೆಯ ವಿದ್ಯಾರ್ಥಿಗಳು ಕಳಿಸಿದ್ದರು. ಅವರ ಪರವಾಗಿ ಇಲ್ಲಿ ಓಡಾಡಿದವರು ಡಾನಿ ಮೊಸ್ಟರ್ಟ್. ಮೌಂಟನ್ ವ್ಯೂನಲ್ಲಿ ನೆಲೆಸಿರುವ ನಿವೃತ್ತ ಇಂಜಿನಿಯರು, ಅದೇ ಶಾಲೆಯ ಹಾಸ್ಟೆಲಿನಲ್ಲಿ ಐದು ವರ್ಷ ಉಂಡು ಬೆಳೆದವರು. ವಾರಕ್ಕೆರಡು ಸಲ ಬಂದು, ಚಹಾದ ಹೊತ್ತಿನಲ್ಲಿ ನೀಲಾಬಾಯಿಗೆ ಚಿತ್ರಗಳ ಕತೆ ಹೇಳುತ್ತಿದ್ದರು.

ಹೀಗೆ ಒಂದು ಅಕ್ಷರ ಓದದೆಯೇ ನೀಲಾಬಾಯಿಗೆ ಆ ಶಾಲೆಯ ಚರಿತ್ರೆ ಬಾಯಿಪಾಠವಾಗಿದೆ. ಮೊದಲ ಸಂಚಿಕೆಯಲ್ಲಿ ತಗಡಿನ ಮಾಡಿನ ಮುಂದೆ ಇಪ್ಪತ್ಮೂರು ಹುಡುಗರು, ಅರ್ಧ ಮಂದಿ ಬರಿಗಾಲಲ್ಲಿ. ಅದಕ್ಕೂ ಮೊದಲು ಇಂಗ್ಲಿಷ್ ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ 'ನಾನು ಕತ್ತೆ' ಎಂಬ ಹಲಗೆ ನೇತು ಹಾಕುತ್ತಿದ್ದರಂತೆ. ಆ ಸಿಟ್ಟಿನಲ್ಲಿ ಊರವರೇ ಕಟ್ಟಿಕೊಂಡ ಶಾಲೆ ಇದು. ಹತ್ತು ವರ್ಷದಲ್ಲಿ ಕಲ್ಲಿನ ಕಟ್ಟಡ ಬರುತ್ತದೆ, ಗಂಟೆಯ ಗೋಪುರ ಬರುತ್ತದೆ, ರಗ್ಬಿ ಆಡುವ ಹುಡುಗರು ಕೈಕಟ್ಟಿ ಸಾಲಾಗಿ ನಿಲ್ಲುತ್ತಾರೆ. 1976ರ ಸಂಚಿಕೆಯಲ್ಲೂ ಅದೇ ರಗ್ಬಿ, ಅದೇ ಭಜನಾ ಮೇಳದಂಥ ಹಾಡಿನ ತಂಡ. ಅದೇ ವರ್ಷ ಸೊವೆಟೊದ ಕಪ್ಪು ಮಕ್ಕಳು, ಈ ಭಾಷೆಯನ್ನು ತಮ್ಮ ಮೇಲೆ ಹೇರಬೇಡಿ ಎಂದು ಬೀದಿಗಿಳಿದು ಗುಂಡಿಗೆ ಎದೆ ಕೊಟ್ಟಿದ್ದರು. ಸಂಚಿಕೆಯಲ್ಲಿ ಅದರ ಸುದ್ದಿ ಒಂದು ಸಾಲೂ ಇಲ್ಲ ಎಂದು ಡಾನಿಯವರೇ ಹೇಳಿದರು.

"ತಾವು ಹೊಡತ ತಿಂದ್ರು, ಆಮ್ಯಾಲ ಅದನ್ನ ಮಂದಿ ಮಕ್ಕಳಿಗೆ ಹಚ್ಚಿದ್ರು. ಹಿಂಗ್ಯಾಕ ಮಾಡಿದ್ರಿ ಅಂತ ಡಾನಿ ಸರ್‌ಗೆ ಕೇಳೇಬಿಟ್ಟೆ. ಅವ್ರು ತಲಿ ತಗ್ಗಿಸಿ ಚಾ ಕುಡದ್ರು, ಪಾಪ" ಎನ್ನುತ್ತಾರೆ ನೀಲಾಬಾಯಿ.

ಅಲ್ಲಿಯವರೆಗೆ ಬಿಳಿಯರದ್ದೇ ಆಗಿದ್ದ ಶಾಲೆಯಲ್ಲಿ, 1993ರ ಚಿತ್ರದಲ್ಲಿ ಮೂವರು ಕಪ್ಪು ಹುಡುಗರು ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿದ್ದಾರೆ. ಮುಂದೆ ಅವರು ಮಧ್ಯಕ್ಕೆ ಬರುತ್ತಾರೆ, ನಾಯಕರಾಗುತ್ತಾರೆ. ಈಗ ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆಫ್ರಿಕಾನ್ಸಿನಲ್ಲಿ ಕಲಿತ ಕೊನೆಯ ತರಗತಿಯಲ್ಲಿ ಒಂಬತ್ತೇ ಹುಡುಗರಿದ್ದರು.

ಕೆಲಸ ಸರಾಗವಾಗಿ ಸಾಗಿತ್ತು. ಆಗಲೇ ಇನ್ನೊಂದು ಸುದ್ದಿ ಬಂದಿತ್ತು. ತಿಂಗಳ ಕೊನೆಗೆ ಆರು ಯಂತ್ರಗಳಲ್ಲಿ ಎರಡನ್ನು ನಿಲ್ಲಿಸುತ್ತಾರೆ. ಕೊನೆಯ ನಾಲ್ಕು ವಾರದ ಪುಟಗಳ ಲೆಕ್ಕ ನೋಡಿ ನಾಲ್ವರನ್ನು ಉಳಿಸಿಕೊಳ್ಳುತ್ತಾರೆ. ಮಿಕ್ಕವರು ಪೆಟ್ಟಿಗೆ ಕಟ್ಟುವ ವಿಭಾಗಕ್ಕೆ. ನೀಲಾಬಾಯಿಗೆ ಚಿಂತೆಯಿರಲಿಲ್ಲ. ಅವರ ಕೈಯನ್ನು ಹಿಂದೆ ಹಾಕುವವರಾದರೂ ಯಾರು?

ಆ ಸೋಮವಾರ, ಕೊನೆಗೆ ಉಳಿದಿದ್ದ 1957ರ ಸಂಚಿಕೆಯೂ ಮುಗಿಯಿತು. ಪ್ರತಿ ಪುಸ್ತಕ ಮುಗಿದಾಗಲೂ 'ಎಲ್ಲ ಪುಟಗಳೂ ಬಂದಿವೆ' ಎಂಬ ಸಾಲಿನ ಕೆಳಗೆ ಯಂತ್ರದವರು ಸಹಿ ಮಾಡಬೇಕು. ನೀಲಾಬಾಯಿ ಪೆನ್ನು ಹಿಡಿದವರು ಹಾಗೇ ಕೂತರು. ಪುಟದ ಅಂಕಿ ಮೂವತ್ತೊಂಬತ್ತಾದ ಮೇಲೆ ನಲವತ್ತೆರಡಕ್ಕೆ ಹಾರಿತ್ತು.

ಚಿತ್ರಗಳ ಗುಣಮಟ್ಟ ನೋಡುವವಳು ನಿವೇದಿತಾ. ಎವರ್‌ಗ್ರೀನ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ, ಅಪ್ಪ ಅಮ್ಮ ಹಾಸನದವರು. ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆ ಮಾತ್ರ ಅರ್ಧ ದಾರಿಗೆ ಇಂಗ್ಲಿಷಿಗೆ ಹೊರಳುತ್ತದೆ. "ನೀಲಾ ಆಂಟಿ, ಇದು ಪ್ರಿಂಟಿಂಗ್ ಮಿಸ್ಟೇಕು ಅಷ್ಟೇ. ಓಲ್ಡ್ ಬುಕ್ಸಲ್ಲಿ ಸೋ ಕಾಮನ್. ಸೈನ್ ಮಾಡ್ಬಿಡಿ, ಪ್ಲೀಸ್. ಫ್ರೈಡೇ ಬಾಕ್ಸಸ್ ಹೋಗ್ಬೇಕು" ಎಂದಳು.

"ಮಿಸ್ಟೇಕ್ ಅಲ್ಲವ್ವಾ. ಇಲ್ಲಿ ನೋಡು." ನೀಲಾಬಾಯಿ ಪುಸ್ತಕ ತೆರೆದು ತೋರಿಸಿದರು. ಮುದ್ರಣದಲ್ಲಿ ಒಂದು ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ. ಅದಕ್ಕೆ ಫಾರ್ಮು ಎನ್ನುತ್ತಾರೆ. ಪ್ರತಿ ಫಾರ್ಮಿನ ನಟ್ಟನಡುವೆ ತೆರೆದರೆ ಹೊಲಿದ ದಾರ ಕಾಣಬೇಕು. "ಮೊದಲನೇ ಫಾರ್ಮಿನ್ಯಾಗ ದಾರ ಐತಿ. ಎರಡನೇದ್ರಾಗೂ ಐತಿ. ಮೂರನೇದ್ರಾಗ ಎಲ್ಲೈತಿ ತೋರ್ಸು?"

ನಿವೇದಿತಾ ಹುಡುಕಿದಳು. ದಾರ ಇರಲಿಲ್ಲ. ನೀಲಾಬಾಯಿ ನಡುವಿನ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಅದು ಉಳಿದವುಗಳಿಗಿಂತ ದಪ್ಪ. ಎರಡು ಹಾಳೆಗಳನ್ನು ಅಂಚಿಗೆ ಅಂಟು ಬಳಿದು ಕೂಡಿಸಿದ್ದರು. ನಲವತ್ತು, ನಲವತ್ತೊಂದನೇ ಪುಟಗಳು ಎದುರಾಬದುರಾ ಒಳಗೆ ಮುಚ್ಚಿಹೋಗಿದ್ದವು.

ಅಂಟಿದ ಹಾಳೆಯನ್ನು ಯಂತ್ರದವರು ಬಿಡಿಸಕೂಡದು, ಪುಸ್ತಕದ ಒಡೆಯರ ಒಪ್ಪಿಗೆ ಬೇಕು. ಮರುದಿನ ಬಂದ ಡಾನಿ ಅನುಮಾನಿಸಿದರು. ತಮ್ಮ ತಂದೆಯ ಬಳಿ ಇದ್ದ ಪ್ರತಿಯೂ ಹೀಗೇ ಇತ್ತು, ಏನೋ ಜಾಹೀರಾತು ಇರಬೇಕು, ಹರಿದರೆ ಕಷ್ಟ ಎಂದರು. ಮ್ಯಾನೇಜರು ಬಂದು, ಒಂದು ಸಹಿಗೆ ಇಡೀ ಕೆಲಸ ನಿಲ್ಲಿಸಬೇಡಿ, ಈ ವಾರ ನಿಮ್ಮ ಲೆಕ್ಕ ಬಿದ್ದರೆ ನಾನೇನೂ ಮಾಡಲಾರೆ ಎಂದು ನೇರವಾಗಿಯೇ ಹೇಳಿದರು. ನೀಲಾಬಾಯಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ಎಲ್ಲಾ ಹಾಳಿ ಬಂದಾವು ಅಂತ ಹ್ಯಾಂಗ ಬರೀಲಿ? ಬಂದಿಲ್ಲಲ್ರೀ" ಎಂದರು. ಅದನ್ನು ನಿವೇದಿತಾ ಇಂಗ್ಲಿಷಿಗೆ ತಂದಳು.

ಹನ್ನೊಂದು ವರ್ಷದಲ್ಲಿ ಅವರು ಯಾರಿಗೂ ಎದುರು ಮಾತಾಡಿದವರಲ್ಲ. ಯಂತ್ರ ಹೋದರೆ ಪುಸ್ತಕ ಮುಟ್ಟುವ ಕೆಲಸವೇ ಹೋದಂತೆ. ಪೆಟ್ಟಿಗೆ ಕಟ್ಟುವಲ್ಲಿ ಕೈಗೆ ಸಿಗುವುದು ರಟ್ಟು ಮತ್ತು ಟೇಪು. ರಾತ್ರಿಯ ಊಟಕ್ಕೆ ಕೂತಾಗ ವಿರುಪಾಕ್ಷಪ್ಪ, "ಸಹಿ ಹಾಕಿ ಒಗದಿದ್ರ ಆಗ್ತಿತ್ತಲ್ಲ, ಯಾರು ನೋಡ್ತಿದ್ರು?" ಎಂದರಂತೆ. ಹೆಂಡತಿ ಇನ್ನೊಂದು ರೊಟ್ಟಿ ಬಡಿಸಿದರು.

ಡಾನಿಯವರಿಗೂ ಸಮಾಧಾನವಾಗಿರಲಿಲ್ಲ. ಬುಧವಾರ ಬೆಳಿಗ್ಗೆ ಏಳಕ್ಕೇ ಬಂದು, ಎಲ್ಲರೆದುರು ರೂಯಿಕ್ರಾನ್ಸಿಗೆ ಫೋನು ಹಚ್ಚಿದರು. ಅಲ್ಲಿ ಸಂಜೆಯಾಗುತ್ತಿತ್ತು. ಈಗಿನ ಹೆಡ್‌ಮಾಸ್ಟರು ಕತೆಯೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಬಿಡಿಸುವವರಿಗೆ ಕೆಲಸ ಗೊತ್ತಿದೆಯೇ? ಗೊತ್ತಿದೆ ಎಂದಳು ನಿವೇದಿತಾ. ಹಾಗಾದರೆ ಬಿಡಿಸಿ ಎಂದರು.

ಎರಡು ದಿನ ಹಿಡಿಯಿತು. ಒತ್ತುಕಾಗದವನ್ನು ನೀರಿಗೆ ತಾಗಿಸಿ, ಹಿಂಡಿ, ಅಂಚಿನ ಮೇಲಿಟ್ಟು ಕಾಯಬೇಕು. ತೇವ ಹೆಚ್ಚಾದರೆ ಶಾಯಿ ಹರಡುತ್ತದೆ, ಕಡಿಮೆಯಾದರೆ ಕಾಗದ ಹರಿಯುತ್ತದೆ. ಆಮೇಲೆ ತೆಳ್ಳಗೆ ಹೆರೆದ ಬಿದಿರಿನ ಚಕ್ಕೆಯನ್ನು ಒಂದೊಂದೇ ಗೋಧಿಕಾಳಿನಷ್ಟು ಒಳಗೆ ಸರಿಸಬೇಕು. ಪುಣ್ಯಕ್ಕೆ ಹೊಳಪಿನ ಕಾಗದವಲ್ಲ, ಅಂಟೂ ಹಿಟ್ಟಿನದು. "ಹಚ್ಚಿದಾವ್ರು ಮೈಗಳ್ಳರು ಇದ್ರು ನೋಡ್ರಿ. ಅಂಚಿಗಷ್ಟ ಬಳದಾರ. ನಡುವ ಏನೂ ಹಚ್ಚಿಲ್ಲ. ಅವ್ರ ಮೈಗಳ್ಳತನಕ್ಕ ಒಂದ ನಮಸ್ಕಾರ" ಎನ್ನುತ್ತಾರೆ ನೀಲಾಬಾಯಿ. ಅತ್ತ ಅವರ ಯಂತ್ರ ಸುಮ್ಮನೆ ನಿಂತಿತ್ತು, ಉಳಿದ ಐದರ ಸದ್ದು ಕೇಳುತ್ತಿತ್ತು.

ಗುರುವಾರ ಮಧ್ಯಾಹ್ನ ಹಾಳೆಗಳು ಬೇರೆಯಾದವು. ನಡುವೆ ಬಿಳಿಯ ದಾರ. ಎಡಗಡೆ ಹಾಸ್ಟೆಲಿನ ಅಡುಗೆಮನೆಯ ಮುಂದೆ ತೆಗೆದ ಚಿತ್ರ: ಹನ್ನೊಂದು ಜನ, ಎಲ್ಲರೂ ಕಪ್ಪು, ಶುಭ್ರ ಏಪ್ರನ್ನು ತೊಟ್ಟು ನಿಂತಿದ್ದಾರೆ. ಬಲಗಡೆ ಅವರ ಹೆಸರು, ಕೆಲಸ ಮತ್ತು ಯಾರೋ ಮೇಷ್ಟ್ರು ಬರೆದ ನಾಲ್ಕು ಸಾಲಿನ ಕೃತಜ್ಞತೆ. ಹೆಸರುಗಳ ಮೊದಲಿಗೆ, ಬಿಳಿಯರಿಗೆ ಬರೆಯುವಂತೆಯೇ, ಶ್ರೀ, ಶ್ರೀಮತಿ ಎಂದಿತ್ತು. ಅದೇ ಆಗಿನ ಆಡಳಿತ ಮಂಡಳಿಗೆ ಗಂಟಲಲ್ಲಿ ಸಿಕ್ಕಿರಬೇಕು ಎಂಬುದು ಡಾನಿಯವರ ಊಹೆ. ಅಚ್ಚಾದ ಮೇಲೆ ಹುಡುಗರನ್ನು ಕೂರಿಸಿ ಪ್ರತಿಯೊಂದಕ್ಕೂ ಅಂಟು ಬಳಿಸಿರಬಹುದು.

ಡಾನಿ ಆ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದರು. ಮೂರನೆಯದಕ್ಕೆ ಬಂದು ಚಿತ್ರ ನೋಡಿದರು. ಮತ್ತೆ ಹೆಸರು ನೋಡಿದರು. ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ಹಾಸ್ಟೆಲು ಸೇರಿ ರಾತ್ರಿಯೆಲ್ಲ ಅತ್ತಿದ್ದ ಡಾನಿಗೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕರೆದು ಬಿಸಿ ಗಂಜಿ ಕೊಟ್ಟಾಕೆ ಅವರು. ಹುಡುಗರೆಲ್ಲ ಅವರನ್ನು 'ಕಾಯ್ಕಿ' ಎಂಬ ಅಡ್ಡಹೆಸರಿನಿಂದ ಕೂಗುತ್ತಿದ್ದರು. ನಿಜವಾದ ಹೆಸರು ಶ್ರೀಮತಿ ಕೆಲೆಬೊಗಿಲೆ ಮೊತ್ಸುಮಿ. ಐದು ವರ್ಷ ಅವರ ಕೈಯಲ್ಲಿ ಉಂಡ ಡಾನಿ, ಆ ಹೆಸರನ್ನು ಅರವತ್ತು ದಾಟಿದ ಮೇಲೆ ಮೊದಲ ಸಲ ಉಚ್ಚರಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀಲಾಬಾಯಿ ತಮ್ಮ ಥರ್ಮಾಸಿನ ಚಹಾ ಬಗ್ಗಿಸಿ ಅವರ ಮುಂದಿಟ್ಟರು.

ಶುಕ್ರವಾರ ಪೆಟ್ಟಿಗೆಗಳು ಹೊರಟವು. ನೀಲಾಬಾಯಿ ಆ ಎರಡು ಪುಟಗಳ ಫೋಟೊ ತೆಗೆದು ಸಹಿ ಮಾಡಿದ್ದರು. ತಿಂಗಳ ಲೆಕ್ಕ ಬಂದಾಗ ಅವರು ಐದನೆಯವರು. ನಾಲ್ಕನೆಯವರಿಗಿಂತ ಒಂದು ದಿನದ ಕೆಲಸದಷ್ಟು ಹಿಂದೆ. ನಿವೇದಿತಾ ಮ್ಯಾನೇಜರ ಬಳಿ ಹೋಗಿ ಜಗಳವಾಡಿ ಬಂದಳು. "ದಿಸ್ ಈಸ್ ನಾಟ್ ಫೇರ್ ಆಂಟಿ, ನೀವೂ ಏನಾದ್ರೂ ಹೇಳಿ" ಎಂದು ಕಣ್ಣು ಒದ್ದೆ ಮಾಡಿಕೊಂಡಳು. ನೀಲಾಬಾಯಿ ಅವಳ ತಲೆ ಸವರಿದರು. ಬರುವ ಸೋಮವಾರದಿಂದ ಅವರು ಪೆಟ್ಟಿಗೆ ಕಟ್ಟುತ್ತಾರೆ. ಬೇಸರವಿಲ್ಲವೇ ಎಂದರೆ ಇದೆ ಎನ್ನುತ್ತಾರೆ. ಹಾಳೆಯ ವಾಸನೆ ಇಲ್ಲದ ದಿನ ಹೇಗೋ ಏನೋ ಎಂದು ಕೈ ನೋಡಿಕೊಳ್ಳುತ್ತಾರೆ.

ಶಾಲೆಯ ಚರಿತ್ರೆ ಮುಂದಿನ ವರ್ಷ ಪುಸ್ತಕವಾಗಿ ಬರುತ್ತದೆ. ಅದರಲ್ಲಿ ನೀಲಾಬಾಯಿಯವರ ಹೆಸರೂ ಇರಲಿ ಎಂದು ಡಾನಿ ಕೇಳಿದ್ದಾರೆ. ಅವರು ಬೇಡವೆಂದು ಕೈಯಾಡಿಸಿದರು.

"ನಂದ್ಯಾಕ್ರೀ? ಆ ಹನ್ನೊಂದು ಮಂದೀದು ಸರಿಯಾಗಿ ಹಾಕ್ರಿ ಅಂದೆ, ಒಂದಕ್ಷರ ತಪ್ಪಬಾರದು. ಅವ್ರ ಮೊಮ್ಮಕ್ಕಳು ಯಾರರ ಒಬ್ರು ನೋಡಿದ್ರ ನಂಗ ಸಾಕು." ಯಂತ್ರದ ಗಾಜನ್ನು ಸೆರಗಿನ ತುದಿಯಿಂದ ಒರೆಸುತ್ತ ಹೇಳುತ್ತಾರೆ: "ಆ ವಾರದ ಲೆಕ್ಕದ ಹಾಳಿಯೊಳಗ ಬುಧವಾರ, ಗುರುವಾರ ಕೂಡಿ ಎಷ್ಟು ಪುಟ ಅಂತ ನಾನ ಬರೀಬೇಕಿತ್ತು. ಎರಡು ಅಂತ ಬರದೆ."